ಗಾಳಿಯಲ್ಲಿ ಕಳೆದ ಹನ್ನೆರಡು ನಿಮಿಷ

ಬಳ್ಳಾರಿಯ ನಮ್ಮ ಮನೆಯ ಹಿತ್ತಲಿನಲ್ಲಿ ಅಕ್ಕ ನಡೆಸುವ ಸಣ್ಣ ಜೀನ್ಸ್ ಹೊಲಿಗೆ ಘಟಕವೊಂದಿದೆ. ಈ ಊರಿನ ಎಷ್ಟೋ ಓಣಿಗಳಲ್ಲಿ ಇರುವಂಥದ್ದೇ: ತಗಡಿನ ಸೂರು, ಹನ್ನೆರಡು ಯಂತ್ರಗಳು, ಕತ್ತರಿಸಿದ ಬಟ್ಟೆ ಬೆಳಿಗ್ಗೆ ಒಳಗೆ ಬರುತ್ತದೆ, ಹೊಲಿದ ಪ್ಯಾಂಟುಗಳ ಬಂಡಲ್‌ಗಳು ಸಂಜೆ ವಾಷಿಂಗ್ ಘಟಕಕ್ಕೆ ಹೋಗುವ ಆಟೋ ಹತ್ತುತ್ತವೆ. ಹೋದ ವರ್ಷ ಶ್ರಾವಣದ ಒಂದು ಸಂಜೆ ಲೆಕ್ಕ ಮಾಡಿದಾಗ ನಲವತ್ತು ಪ್ಯಾಂಟುಗಳ ಒಂದು ಬಂಡಲ್ ಕಡಿಮೆ ಬಂತು. ಆ ಹೊತ್ತಿಗೆ ಗೇಟಿನ ಬಳಿ ಇದ್ದವರು ಬಂಡಲ್ ಕಟ್ಟುವ ಒಬ್ಬ ಹೆಣ್ಣುಮಗಳು ಮಾತ್ರ. ಕ್ಯಾಮೆರಾ ಇದೆಯಲ್ಲ, ನೋಡಿದರಾಯಿತು ಎಂದು ಎಲ್ಲರೂ ಮೇಲಿನ ಕೋಣೆಗೆ ಹತ್ತಿದೆವು. ಆಕೆಯೂ ಬಂದರು, ತಾವೇ ಮುಂದೆ ನಿಂತರು. ಪರದೆಯ ಮೇಲೆ 6 ಗಂಟೆ 41 ನಿಮಿಷದವರೆಗೆ ಗೇಟು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ನಂತರದ ಚಿತ್ರ 6 ಗಂಟೆ 53 ನಿಮಿಷದ್ದು. ನಡುವಿನ ಹನ್ನೆರಡು ನಿಮಿಷ ಇರಲಿಲ್ಲ.

ಯಾರೂ ಆಕೆಯನ್ನು ಕಳ್ಳಿ ಎನ್ನಲಿಲ್ಲ. ಆದರೆ ಯಾರೂ ಆಕೆಯ ಮುಖ ನೋಡಲೂ ಇಲ್ಲ. ಮೂರನೆಯ ದಿನ ವಾಷಿಂಗ್ ಘಟಕದವರು ಫೋನ್ ಮಾಡಿ, ಬೇರೊಬ್ಬರ ಲಾಟಿನಲ್ಲಿ ನಮ್ಮ ಗುರುತಿನ ಒಂದು ಬಂಡಲ್ ಸೇರಿಕೊಂಡಿದೆ ಎಂದು ತಿಳಿಸಿದರು. ಆಟೋದವನು ಲೆಕ್ಕಕ್ಕೆ ಬರೆಸದೆ ಅದನ್ನು ಹೇರಿಕೊಂಡು ಹೋಗಿದ್ದ, ಅದೇ ಹನ್ನೆರಡು ನಿಮಿಷಗಳ ಒಳಗೆ. ಅಷ್ಟರಲ್ಲಿ ಆ ಹೆಣ್ಣುಮಗಳು ಕೆಲಸಕ್ಕೆ ಬರುವುದನ್ನು ಬಿಟ್ಟು ಒಂದು ದಿನವಾಗಿತ್ತು.

ಆ ಕ್ಯಾಮೆರಾಗಳನ್ನು ಹಾಕಿದವನು ನಾನು. ಅವುಗಳ ದೃಶ್ಯವನ್ನು ಸಂಗ್ರಹಿಸುವ ಕಂಪ್ಯೂಟರನ್ನು ಹೊಂದಿಸಿದವನೂ ನಾನೇ. ಕ್ಯಾಮೆರಾ ಇರುವುದು ಕಳ್ಳನನ್ನು ಹಿಡಿಯಲು ಎಂದುಕೊಂಡಿದ್ದೆ. ಕದಿಯದವರನ್ನು ಕಾಯುವ ಹೊಣೆಯೂ ಅದರ ಮೇಲಿದೆ ಎಂಬುದು ಆ ಸಂಜೆ ತಿಳಿಯಿತು. ಆದ್ದರಿಂದ ಆ ಹನ್ನೆರಡು ನಿಮಿಷ ಎಲ್ಲಿ ಹೋಯಿತೆಂದು ಹುಡುಕುವುದನ್ನು ನಾನು ತಂತ್ರಜ್ಞಾನದ ಕುತೂಹಲಕ್ಕಾಗಿ ಮಾಡಲಿಲ್ಲ.

ನಮ್ಮ ವ್ಯವಸ್ಥೆ ಹೀಗಿತ್ತು. ಐದು ಕ್ಯಾಮೆರಾಗಳು: ಗೇಟು, ಅಂಗಳ, ಹೊಲಿಗೆ ಹಾಲ್, ಹಿಂದಿನ ಬಾಗಿಲು, ಮತ್ತು ಓಣಿಯ ಆಚೆ ಬದಿಯಲ್ಲಿರುವ ಗೋದಾಮು. ಐದೂ ವೈಫೈ ಕ್ಯಾಮೆರಾಗಳು. ರೌಟರ್ ಕೆಳಗಿನ ಪಡಸಾಲೆಯಲ್ಲಿತ್ತು. ಸಂಗ್ರಹಿಸುವ ಕಂಪ್ಯೂಟರ್ ಮಾಳಿಗೆಯ ಮೇಲಿನ ಕೋಣೆಯಲ್ಲಿ, ಹಿಂಬದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ವೈಫೈ ಅಡಾಪ್ಟರ್ ಚುಚ್ಚಿಕೊಂಡು ಕುಳಿತಿತ್ತು. ಅಜ್ಜನ ಕಾಲದ ಮನೆಯಾದ್ದರಿಂದ ಕೆಳಗಿನ ಗೋಡೆಗಳು ಹದಿನೆಂಟು ಅಂಗುಲ ದಪ್ಪದ ಕಲ್ಲಿನವು. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದರೂ ಪಡಸಾಲೆಯಲ್ಲಿ ಕಾಲು ಚಾಚಿ ಮಲಗಬಹುದು. ಬಿಸಿಲನ್ನು ತಡೆಯುವ ಆ ಗೋಡೆ ರೇಡಿಯೊ ಅಲೆಯನ್ನೂ ಹಾಗೆಯೇ ಕುಗ್ಗಿಸುತ್ತದೆಂದು ಕ್ಯಾಮೆರಾ ಕೊಳ್ಳುವಾಗ ನಾನು ಯೋಚಿಸಿರಲಿಲ್ಲ.

ಮೊದಲು ಮಾಡಿದ ಕೆಲಸವೆಂದರೆ ಹಳೆಯ ರೆಕಾರ್ಡಿಂಗ್‌ಗಳಲ್ಲಿ ಇನ್ನೆಷ್ಟು ಬಿರುಕುಗಳಿವೆ ಎಂದು ಎಣಿಸಿದ್ದು. ಎಣಿಸಿದಂತೆ ಎದೆ ಕುಸಿಯಿತು. ಪ್ರತಿ ಸಂಜೆಯೂ ಆರೂವರೆಯಿಂದ ಹತ್ತರ ನಡುವೆ ಇಪ್ಪತ್ತಕ್ಕೂ ಹೆಚ್ಚು ಕಡೆ ಚಿತ್ರ ಕಡಿದಿತ್ತು. ಹೆಚ್ಚಿನವು ಕೆಲವು ಸೆಕೆಂಡುಗಳು, ಕೆಲವು ನಿಮಿಷಗಟ್ಟಲೆ. ತಿಂಗಳುಗಳಿಂದ ಹೀಗೆಯೇ ನಡೆದಿತ್ತು, ಯಾರೂ ನೋಡಬೇಕಾಗಿ ಬಂದಿರಲಿಲ್ಲವಾದ್ದರಿಂದ ಯಾರಿಗೂ ತಿಳಿದಿರಲಿಲ್ಲ. ಬಳಿಕ ಕಂಪ್ಯೂಟರಿನಿಂದ ರೌಟರಿಗೆ ದಿನವಿಡೀ ಪಿಂಗ್ ಮಾಡಿ, ಅಂದರೆ ‘ಇದ್ದೀಯಾ’ ಎಂಬ ಪುಟ್ಟ ಕರೆ ಕಳಿಸುತ್ತಿದ್ದು, ಉತ್ತರ ಬರಲು ಹಿಡಿಯುವ ಸಮಯವನ್ನು ಬರೆದಿಟ್ಟುಕೊಂಡೆ. ಮಧ್ಯಾಹ್ನ ಮೂರು ಮಿಲಿಸೆಕೆಂಡು. ಸಂಜೆ ಏಳಕ್ಕೆ ನಾನೂರು. ನೂರರಲ್ಲಿ ಏಳೆಂಟು ಕರೆಗಳಿಗೆ ಉತ್ತರವೇ ಇಲ್ಲ. ಒಂದೇ ಮನೆಯ ಕೆಳಗಿನಿಂದ ಮೇಲಕ್ಕೆ, ಹತ್ತಾರು ಮೀಟರ್ ದೂರಕ್ಕೆ, ಈ ಸ್ಥಿತಿ.

ಇಲ್ಲಿ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆಯೇ. ನಮ್ಮ ಕ್ಯಾಮೆರಾಗಳು ಗರಿಷ್ಠ 4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದಲ್ಲಿ ವಿಡಿಯೊ ಕಳಿಸುತ್ತವೆ. ಚಿತ್ರದಲ್ಲಿ ಚಲನೆ ಕಡಿಮೆಯಿದ್ದಾಗ ಅದು ಒಂದು, ಒಂದೂವರೆಗೆ ಇಳಿಯುತ್ತದೆ. ಆದರೆ ಮಬ್ಬುಗತ್ತಲಾದಂತೆ ಚಿತ್ರದಲ್ಲಿ ಮರಳಿನಂಥ ಕಣಗಳು ತುಂಬಿಕೊಳ್ಳುತ್ತವೆ; ಆ ಕಣಗಳ ಅಲುಗಾಟವನ್ನು ಕ್ಯಾಮೆರಾ ಚಲನೆಯೆಂದೇ ಭಾವಿಸುವುದರಿಂದ ಸಂಜೆಯ ಹೊತ್ತಿಗೆ ಅದರ ವೇಗ ಗರಿಷ್ಠಕ್ಕೆ ಏರುತ್ತದೆ. ಐದು ಕ್ಯಾಮೆರಾ ಸೇರಿದರೆ 20 ಎಂಬಿಪಿಎಸ್. ರೌಟರಿನ ಡಬ್ಬಿಯ ಮೇಲೆ ಮುನ್ನೂರು ಎಂದು ಬರೆದಿರುವಾಗ ಇದೇನು ದೊಡ್ಡದು ಎನಿಸುತ್ತದೆ.

ಆದರೆ ಸಂಗ್ರಹಿಸುವ ಕಂಪ್ಯೂಟರ್ ಕೂಡ ವೈಫೈ ಮೇಲೆಯೇ ಇದ್ದರೆ, ಒಂದೊಂದು ಚಿತ್ರವೂ ಗಾಳಿಯನ್ನು ಎರಡು ಸಲ ದಾಟಬೇಕು: ಕ್ಯಾಮೆರಾದಿಂದ ರೌಟರಿಗೆ ಒಮ್ಮೆ, ರೌಟರಿನಿಂದ ಕಂಪ್ಯೂಟರಿಗೆ ಇನ್ನೊಮ್ಮೆ. ಎರಡೂ ಪ್ರಯಾಣಗಳು ಒಂದೇ ಚಾನೆಲ್ಲಿನಲ್ಲಿ, ಒಂದಾದ ಮೇಲೆ ಒಂದು. ಹಾಗಾಗಿ ಇಪ್ಪತ್ತು ನಲವತ್ತಾಗುತ್ತದೆ. ಒಂದೇ ಆಂಟೆನಾ ಇರುವ ಅಗ್ಗದ ಕ್ಯಾಮೆರಾಗಳೂ ಅಂಥದೇ ಅಡಾಪ್ಟರೂ 2.4 ಗಿಗಾಹರ್ಟ್ಸ್‌ನ ಸಾಮಾನ್ಯ ಚಾನೆಲ್ಲಿನಲ್ಲಿ ಮುಟ್ಟಬಹುದಾದ ಹೆಚ್ಚಿನ ಸಂಪರ್ಕ ವೇಗ ಸುಮಾರು 72 ಎಂಬಿಪಿಎಸ್. ಸರದಿ ಕಾಯುವುದು, ಸ್ವೀಕೃತಿ ಕಳಿಸುವುದು ಮೊದಲಾದ ಖರ್ಚುಗಳನ್ನು ಕಳೆದರೆ ನಿಜವಾದ ಸಾಗಣೆಗೆ ಉಳಿಯುವುದು ಹೆಚ್ಚುಕಡಿಮೆ ಅದರ ಅರ್ಧ. ಅಂದರೆ ನಾನು ಕೇಳುತ್ತಿದ್ದದ್ದು ನಲವತ್ತು, ಇದ್ದದ್ದು ಮೂವತ್ತೈದರ ಆಸುಪಾಸು. ಅದೂ ನಮ್ಮ ಮನೆಯೊಂದೇ ಆ ಚಾನೆಲ್ಲನ್ನು ಬಳಸಿದರೆ.

ಬಳಸುತ್ತಿದ್ದವರು ನಾವೊಬ್ಬರೇ ಆಗಿರಲಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಗಳ ಬಳಕೆಗೆ ಪರವಾನಗಿ ಬೇಕಿಲ್ಲವೆಂದು 2005ರಲ್ಲಿ ಘೋಷಿಸಿದ ಮೇಲೆ ಅದು ಎಲ್ಲರ ಹುಲ್ಲುಗಾವಲಾಯಿತು. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇರುವುದು ಮೂರೇ: ಒಂದು, ಆರು, ಹನ್ನೊಂದು. ನಮ್ಮ ಓಣಿಯಲ್ಲಿ ನಿಂತು ನೋಡಿದರೆ ಹತ್ತೊಂಬತ್ತು ವೈಫೈ ಹೆಸರುಗಳು ಕಾಣುತ್ತವೆ. ಸಂಜೆ ಎಲ್ಲರೂ ಮನೆ ಸೇರುತ್ತಾರೆ, ಟಿವಿಗಳೂ ಫೋನುಗಳೂ ಎಚ್ಚರಗೊಳ್ಳುತ್ತವೆ, ಹತ್ತೊಂಬತ್ತು ಮನೆಗಳು ಮೂರು ದಾರಿಗಳಲ್ಲಿ ನುಗ್ಗುತ್ತವೆ. ನಮ್ಮ ಬಂಡಲ್‌ಗಳು ಆಟೋ ಹತ್ತುವುದೂ ಅದೇ ಹೊತ್ತಿಗೆ.

5 ಗಿಗಾಹರ್ಟ್ಸ್‌ಗೆ ಹೋಗಬಾರದಿತ್ತೇ ಎಂದು ಕೇಳಬಹುದು. 2018ರಲ್ಲಿ ಆ ತರಂಗಪಟ್ಟಿಯ ಹೆಚ್ಚಿನ ಭಾಗವನ್ನೂ ನಮ್ಮಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು; ಅಲ್ಲಿ ಜಾಗ ಧಾರಾಳವಾಗಿದೆ. ಆದರೆ ನಮ್ಮ ಕ್ಯಾಮೆರಾಗಳಿಗೆ ಆ ರೇಡಿಯೊ ಇರಲಿಲ್ಲ, ಇದ್ದಿದ್ದರೂ ಆ ಅಲೆಗಳು ಕಲ್ಲುಗೋಡೆಯಲ್ಲಿ ಇನ್ನೂ ಬೇಗ ಸೋಲುತ್ತವೆ. ಸಂಕೇತವನ್ನು ಹಿಡಿದು ಮುಂದಕ್ಕೆ ದಾಟಿಸುವ ಮೆಶ್ ಪೆಟ್ಟಿಗೆಗಳನ್ನು ನಡುವೆ ಇಡುವುದೆಂದರೆ ಅದೇ ಗಾಳಿಯಲ್ಲಿ ಮೂರನೆಯ ನೆಗೆತ. ವಿದ್ಯುತ್ ತಂತಿಯ ಮೂಲಕವೇ ದತ್ತಾಂಶ ಕಳಿಸುವ ಸಾಧನವನ್ನೂ ತಂದು ನೋಡಿದೆ; ಯಂತ್ರಗಳಿಗೊಂದು ಫೇಸ್, ಮನೆಗೊಂದು ಫೇಸ್, ನಡುವೆ ಇನ್ವರ್ಟರ್ ಇರುವ ನಮ್ಮಲ್ಲಿ ಅದು ನಡೆಯಲಿಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು, ಮತ್ತು ಅದು ಎಲ್ಲಕ್ಕಿಂತ ಮುಖ್ಯವಾದುದು. ಗೇಟಿನ ಕ್ಯಾಮೆರಾಕ್ಕೂ ರೌಟರಿಗೂ ನಡುವೆ ಎರಡು ಕಲ್ಲಿನ ಗೋಡೆ ಮತ್ತು ಒಂದು ಕಬ್ಬಿಣದ ಬಾಗಿಲಿದ್ದವು. ಸಂಕೇತದ ಬಲ, ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ 78ರವರೆಗೆ ಇಳಿಯುತ್ತಿತ್ತು. ಈ ಅಳತೆಯಲ್ಲಿ ಮೂರು ಇಳಿದರೆ ಬಲ ಅರ್ಧವಾಗುತ್ತದೆ, ಹತ್ತು ಇಳಿದರೆ ಹತ್ತನೆಯ ಒಂದು ಭಾಗ. ಮೈನಸ್ 67ರ ಹತ್ತಿರವಿದ್ದರೆ ವಿಡಿಯೊ ನೆಮ್ಮದಿಯಿಂದ ಹರಿಯುತ್ತದೆ. 78 ಎಂದರೆ ದೂರದಿಂದ ಪಿಸುಗುಟ್ಟಿದಂತೆ. ಪಿಸುಮಾತನ್ನು ತಪ್ಪಿಲ್ಲದೆ ಮುಟ್ಟಿಸಲು ವೈಫೈ ನಿಧಾನವಾಗಿ ಮಾತಾಡುತ್ತದೆ: ಆ ಕ್ಯಾಮೆರಾದ ಸಂಪರ್ಕ ವೇಗ 72ರಿಂದ 13ಕ್ಕೆ ಇಳಿದಿರುತ್ತಿತ್ತು. ಹದಿಮೂರರ ವೇಗದಲ್ಲಿ ನಾಲ್ಕನ್ನು ಕಳಿಸಬೇಕಾದರೆ, ಸರದಿ ಕಾಯುವಂಥ ಖರ್ಚುಗಳೂ ಸೇರಿ, ಅದೊಂದೇ ಕ್ಯಾಮೆರಾ ಗಾಳಿಯ ಒಟ್ಟು ಸಮಯದ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಹಿಡಿದುಕೊಳ್ಳುತ್ತದೆ, ಅಷ್ಟು ಹೊತ್ತು ಉಳಿದವರೆಲ್ಲ ಸುಮ್ಮನಿರಬೇಕು. ದುರ್ಬಲವಾದ ಒಂದು ಕ್ಯಾಮೆರಾ ತಾನು ಸೋಲುವುದಲ್ಲದೆ ಬಲವಾಗಿರುವ ನಾಲ್ಕನ್ನೂ ಸೋಲಿಸುತ್ತದೆ. ಗೇಟಿನ ಕ್ಯಾಮೆರಾ ಮತ್ತು ಹಾಲಿನ ಕ್ಯಾಮೆರಾಗಳಿಗೆ ಒಂದರ ದನಿ ಇನ್ನೊಂದಕ್ಕೆ ಕೇಳಿಸದಷ್ಟು ದೂರವಿದ್ದದ್ದು ಇನ್ನೊಂದು ತೊಡಕು. ಇಬ್ಬರೂ ದಾರಿ ಖಾಲಿಯಿದೆ ಎಂದು ತಿಳಿದು ಒಟ್ಟಿಗೆ ಮಾತು ಶುರುಮಾಡುತ್ತಾರೆ, ನಡುವೆ ಕುಳಿತ ರೌಟರಿಗೆ ಎರಡೂ ಅರ್ಥವಾಗುವುದಿಲ್ಲ.

ವಿಡಿಯೊದ ರಚನೆಯೇ ಇಂಥ ನಷ್ಟವನ್ನು ಹಿಗ್ಗಿಸುತ್ತದೆ. ಕ್ಯಾಮೆರಾ ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಕಳಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಕಳಿಸಿ, ಅದರ ನಂತರ ಬದಲಾದಷ್ಟನ್ನು ಮಾತ್ರ ಹೇಳುತ್ತ ಹೋಗುತ್ತದೆ. ಪೂರ್ಣ ಚಿತ್ರದ ಒಂದು ತುಂಡು ದಾರಿಯಲ್ಲಿ ಕಳೆದರೆ, ಮುಂದಿನ ಪೂರ್ಣ ಚಿತ್ರ ಬರುವವರೆಗಿನ ಎಲ್ಲವೂ ಬುಡವಿಲ್ಲದ ಮಾತಾಗುತ್ತದೆ. ಜಾಗ ಉಳಿಸಲೆಂದು ಪೂರ್ಣ ಚಿತ್ರಗಳ ನಡುವಿನ ಅಂತರವನ್ನು ನಾನು ಹತ್ತು ಸೆಕೆಂಡಿಗೆ ಏರಿಸಿದ್ದೆ. ಈಗ ಎರಡು ಸೆಕೆಂಡಿಗೆ ಇಳಿಸಿದ್ದೇನೆ. ಆ ಸಂಜೆಯ ದೀರ್ಘ ಬಿರುಕಿನ ಕಾರಣ ಬೇರೆ: ಸಂಪರ್ಕ ಪೂರ್ತಿ ಕಡಿದು, ಕಂಪ್ಯೂಟರಿನ ಅಡಾಪ್ಟರ್ ಮತ್ತೆ ಮತ್ತೆ ರೌಟರನ್ನು ಸೇರಲು ಯತ್ನಿಸಿ ಸೋತದ್ದು ಅದರ ದಾಖಲೆಯಲ್ಲಿ ಸಾಲುಸಾಲಾಗಿ ಬರೆದಿತ್ತು, 6 ಗಂಟೆ 41ರಿಂದ 6 ಗಂಟೆ 53ರವರೆಗೆ. ಆ ಸಾಲುಗಳನ್ನು ನಾನು ಅಕ್ಕನಿಗೆ ಓದಿ ಹೇಳಿದೆ. ಅಂದರೆ ಆ ಹೊತ್ತು ಐದೂ ಕ್ಯಾಮೆರಾಗಳು ನೋಡುತ್ತಲೇ ಇದ್ದವು. ಬರೆದುಕೊಳ್ಳಬೇಕಾದ ಕಂಪ್ಯೂಟರ್ ಮಾತ್ರ ಅಲ್ಲಿರಲಿಲ್ಲ.

ತಂತಿ ಏಕೆ ಗೆಲ್ಲುತ್ತದೆ ಎಂಬುದಕ್ಕೆ ಉತ್ತರ ತಾಮ್ರದಲ್ಲಿಲ್ಲ ಎಂದು ಓದುತ್ತ ಹೋದಂತೆ ತಿಳಿಯಿತು. ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಅಲೋಹಾನೆಟ್ ಜಾಲವನ್ನು 1971ರಲ್ಲಿ ನಡೆಸತೊಡಗಿದರು. ಎಲ್ಲರೂ ಒಂದೇ ಗಾಳಿಯನ್ನು ಹಂಚಿಕೊಂಡು, ಮಾತುಗಳು ಡಿಕ್ಕಿಯಾದರೆ ಸ್ವಲ್ಪ ಕಾದು ಮತ್ತೆ ಹೇಳುವ ಕ್ರಮ ಅದರದು. 1973ರಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಬಾಬ್ ಮೆಟ್‌ಕಾಫ್ ಅದೇ ವಿಚಾರವನ್ನು ಬೆಳೆಸಿ ಒಂದು ಕೇಬಲ್ಲಿನ ಒಳಗಿಟ್ಟರು. ಬೆಳಕು ಹರಿಯುವ ಮಾಧ್ಯಮವೆಂದು ಹಿಂದೆ ಊಹಿಸಿದ್ದ ಈಥರಿನ ಹೆಸರನ್ನೇ ಅದಕ್ಕೆ ಕೊಟ್ಟು ಈಥರ್‌ನೆಟ್ ಎಂದು ಕರೆದರು. ಆದ್ದರಿಂದ ಮೊದಲ ಈಥರ್‌ನೆಟ್ ತಂತಿಯೂ ಗಾಳಿಯಂತೆಯೇ ಎಲ್ಲರೂ ಹಂಚಿಕೊಳ್ಳುವ ಒಂದೇ ದಾರಿಯಾಗಿತ್ತು, ಅಲ್ಲಿಯೂ ಡಿಕ್ಕಿಗಳಾಗುತ್ತಿದ್ದವು. ಅದನ್ನು ಬದಲಿಸಿದ್ದು ಮುಂದೆ ಬಂದ ಸ್ವಿಚ್, ಹಲವು ತಂತಿಗಳನ್ನು ಜೋಡಿಸುವ ಪೆಟ್ಟಿಗೆ. ಸ್ವಿಚ್ಚಿನ ಪ್ರತಿ ಕಿಂಡಿಯೂ ಒಬ್ಬನಿಗೇ ಮೀಸಲಾದ ದಾರಿ, ಹೋಗುವುದೂ ಬರುವುದೂ ಒಟ್ಟಿಗೇ ನಡೆಯಬಹುದು. ಹೊಲಿಗೆ ಹಾಲಿನಲ್ಲಿ ಹನ್ನೆರಡು ಜನಕ್ಕೆ ಒಂದೇ ಕತ್ತರಿ ಕೊಟ್ಟರೆ ಎಷ್ಟು ಚುರುಕಾದ ಕೈಯೂ ಕಾಯಬೇಕು; ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರೆ ಕಾಯುವ ಮಾತೇ ಇಲ್ಲ. ವೈಫೈ ಎಷ್ಟೇ ಸುಧಾರಿಸಿದರೂ ಆ ಒಂದು ಕತ್ತರಿಯನ್ನು ಇನ್ನಷ್ಟು ಬೇಗ ಕೈಬದಲಾಯಿಸುವ ಜಾಣ್ಮೆ ಅದರದು. ಫೋನಿಗೆ, ಓದುವ ಲ್ಯಾಪ್‌ಟಾಪಿಗೆ ಅದು ಧಾರಾಳವಾಗಿ ಸಾಕು. ಅವು ಒಂದಿಷ್ಟು ಕೇಳಿ, ಒಂದಿಷ್ಟು ಸುಮ್ಮನಿರುತ್ತವೆ. ಕ್ಯಾಮೆರಾದ ದೃಶ್ಯಗಳನ್ನು ಸಂಗ್ರಹಿಸುವ ಕಂಪ್ಯೂಟರ್ ಮನೆಯಲ್ಲಿ ಸುಮ್ಮನಿರದ ಒಂದೇ ಯಂತ್ರ.

ಹೀಗಾಗಿ ನಾನು ಮೊದಲು ತಂತಿ ಎಳೆದದ್ದು ಕ್ಯಾಮೆರಾಗಳಿಗಲ್ಲ, ಕಂಪ್ಯೂಟರಿಗೆ. ಪಡಸಾಲೆಯ ರೌಟರಿನಿಂದ ಮೇಲಿನ ಕೋಣೆಗೆ ಹದಿನೆಂಟು ಮೀಟರ್ ಕೇಬಲ್, ಮೆಟ್ಟಿಲ ಬದಿಯ ಪೈಪಿನೊಳಗೆ. ಒಂದು ಮಧ್ಯಾಹ್ನದ ಕೆಲಸ. ಐದೂ ಕ್ಯಾಮೆರಾಗಳು ಹಿಂದಿನಂತೆ ವೈಫೈ ಮೇಲೆಯೇ ಉಳಿದವು. ಆದರೂ ಗಾಳಿಯ ಮೇಲಿನ ಹೊರೆ ನಲವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಮುಂದಿನ ವಾರ ಎಣಿಸಿದಾಗ ಸಂಜೆಗೆ ಇಪ್ಪತ್ತಿದ್ದ ಬಿರುಕುಗಳು ಎರಡು ಮೂರಕ್ಕೆ ಬಂದಿದ್ದವು, ಅವೂ ಗೇಟಿನ ಕ್ಯಾಮೆರಾದವು ಮಾತ್ರ. ರೌಟರಿನಿಂದ ಉತ್ತರ ಬರಲು ಈಗ ಬೆಳಿಗ್ಗೆಯೂ ಸಂಜೆಯೂ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಮನೆಯಲ್ಲಿ ಒಂದೇ ಒಂದು ತಂತಿ ಎಳೆಯಲು ಸಾಧ್ಯವಿದ್ದರೆ ಅದು ಈ ತಂತಿಯೇ ಆಗಿರಬೇಕೆಂದು ಈಗ ಯಾರು ಕೇಳಿದರೂ ಹೇಳುತ್ತೇನೆ. ಒಂದು ಕ್ಯಾಮೆರಾದ ಸಂಪರ್ಕ ಹೋದರೆ ಒಂದು ಕಣ್ಣು ಹೋದಂತೆ, ಸಂಗ್ರಹಿಸುವ ಕಂಪ್ಯೂಟರಿನ ಸಂಪರ್ಕ ಹೋದರೆ ಎಲ್ಲ ಕಣ್ಣುಗಳೂ ಒಟ್ಟಿಗೆ.

ಕೇಬಲ್ ಹಾಕುವಾಗ ಗಮನಿಸಬೇಕಾದ ಸಣ್ಣ ಸಂಗತಿಯೊಂದಿದೆ. ಅದರೊಳಗೆ ನಾಲ್ಕು ಜೋಡಿ ತಂತಿಗಳಿರುತ್ತವೆ. ಒಂದೊಂದು ಜೋಡಿಯನ್ನೂ ಹಗ್ಗದಂತೆ ಹುರಿಗೊಳಿಸಿರುತ್ತಾರೆ, ಹೊರಗಿನ ಅಡಚಣೆ ಎರಡೂ ಎಳೆಗಳ ಮೇಲೆ ಸಮನಾಗಿ ಬಿದ್ದು ರದ್ದಾಗಲಿ ಎಂದು. ಈ ಉಪಾಯವನ್ನು ದೂರವಾಣಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿಯೇ ಪೇಟೆಂಟ್ ಮಾಡಿಸಿದ್ದರು. ತುದಿಗೆ ಪ್ಲಗ್ ಕೂರಿಸುವಾಗ ಬೇಕಾದ್ದಕ್ಕಿಂತ ಹೆಚ್ಚು ಉದ್ದಕ್ಕೆ ಆ ಹುರಿಯನ್ನು ಬಿಚ್ಚಿದರೆ ಕೇಬಲ್ಲಿನ ಗುಣವೇ ಹೋಗುತ್ತದೆ. ಒಂದು ಎಳೆ ಸರಿಯಾಗಿ ಕೂರದಿದ್ದರೂ ಸಾವಿರದ ಬದಲು ನೂರು ಎಂಬಿಪಿಎಸ್‌ಗೆ ಇಳಿದು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಒಂದು ಕ್ಯಾಮೆರಾಕ್ಕೆ ನೂರು ಬೇಕಾದಷ್ಟಾಯಿತು. ಕಂಪ್ಯೂಟರಿನ ತಂತಿ ಸಾವಿರದಲ್ಲಿಯೇ ನಿಂತಿದೆಯೇ ಎಂದು ಒಮ್ಮೆ ಕಣ್ಣಾರೆ ನೋಡಬೇಕು.

ಕಾರ್ತಿಕದಲ್ಲಿ ಗೇಟು, ಅಂಗಳ, ಹಿಂದಿನ ಬಾಗಿಲಿನ ಕ್ಯಾಮೆರಾಗಳನ್ನೂ ತಂತಿಗೆ ತಂದೆ. ಅದಕ್ಕಾಗಿ ತಂತಿಯ ಕ್ಯಾಮೆರಾಗಳನ್ನೇ ಹೊಸದಾಗಿ ಕೊಳ್ಳಬೇಕಾಯಿತು. ಕಲ್ಲುಗೋಡೆಗೆ ತೂತು ಹಾಕಲು ಬಂದ ಗೌಂಡಿ ಒಂದೊಂದು ತೂತಿಗೂ ಅರ್ಧ ಗಂಟೆ ತೆಗೆದುಕೊಂಡರು, ಎರಡು ಡ್ರಿಲ್ ಬಿಟ್ಟುಗಳು ಮೊಂಡಾದವು. ತಂತಿಯ ಪರವಾಗಿ ಬರೆಯುವವರು ಈ ಭಾಗವನ್ನು ಹಾರಿಸುತ್ತಾರೆ. ಧೂಳು, ಖರ್ಚು, ಬಣ್ಣ ಕೆಟ್ಟ ಗೋಡೆ ಇವೆಲ್ಲ ನಿಜವಾದ ಬೆಲೆಗಳು, ಬಾಡಿಗೆ ಮನೆಯಲ್ಲಿರುವವರಿಗೆ ಇವು ದಾಟಲಾಗದ ತಡೆಗಳೂ ಹೌದು.

ಗೇಟಿನ ಕ್ಯಾಮೆರಾ ನನಗೆ ಕಲಿಸಿದ ಪಾಠ ವಿದ್ಯುತ್ತಿನದು. ಹಣ ಉಳಿಸಲೆಂದು ಪೇಟೆಯಲ್ಲಿ ಅರ್ಧ ಬೆಲೆಗೆ ಸಿಕ್ಕ ಕೇಬಲ್ ತಂದು, ಅದರಲ್ಲಿ ನೂರರ ವೇಗಕ್ಕೆ ಬೇಕಿಲ್ಲದೆ ಬಿಡುವಾಗಿರುವ ಎರಡು ಜೋಡಿಗಳ ಮೂಲಕ 12 ವೋಲ್ಟಿನ ಅಡಾಪ್ಟರಿನ ವಿದ್ಯುತ್ತನ್ನೇ 45 ಮೀಟರ್ ದೂರಕ್ಕೆ ಕಳಿಸಿದೆ. ಹಗಲಿಡೀ ಚೆನ್ನಾಗಿತ್ತು. ಕತ್ತಲಾಗಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿದ ಕೂಡಲೇ ಅದು ಆರಿ, ಮತ್ತೆ ಎದ್ದು, ಮತ್ತೆ ದೀಪ ಹೊತ್ತಿಸಿ, ಮತ್ತೆ ಆರುತ್ತಿತ್ತು. ಕೇಬಲ್ಲಿನ ಎಳೆಯನ್ನು ಚಾಕುವಿನಿಂದ ಕೆರೆದು ನೋಡಿದಾಗ ಕೆಂಪು ಲೇಪದ ಕೆಳಗೆ ಬಿಳಿ ಲೋಹ ಕಂಡಿತು: ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. ಅಲ್ಯೂಮಿನಿಯಂ ವಿದ್ಯುತ್ತನ್ನು ಒಯ್ಯುವ ಶಕ್ತಿ ತಾಮ್ರದ ಸುಮಾರು ಶೇಕಡಾ 60 ಮಾತ್ರ. ರಾತ್ರಿ 7 ವ್ಯಾಟ್ ಬೇಕಾಗುವ ಕ್ಯಾಮೆರಾ 12 ವೋಲ್ಟಿನಲ್ಲಿ ಅರ್ಧ ಆಂಪಿಯರಿಗೂ ಹೆಚ್ಚು ಪ್ರವಾಹವನ್ನು ಎಳೆಯುತ್ತದೆ, ಆ ದೂರದಲ್ಲಿ ಆ ಎಳೆಗಳು ಮೂರು ವೋಲ್ಟಿಗೂ ಹೆಚ್ಚನ್ನು ನುಂಗಿಬಿಡುತ್ತಿದ್ದವು. ಅದೇ 7 ವ್ಯಾಟನ್ನು 48 ವೋಲ್ಟಿನಲ್ಲಿ ಕಳಿಸಿದರೆ ಪ್ರವಾಹ ಕಾಲುಭಾಗ, ದಾರಿಯ ನಷ್ಟ ಹದಿನಾರನೆಯ ಒಂದು ಭಾಗ. ಹತ್ತಿರದ ಕುಡಿತಿನಿಯ ಸ್ಥಾವರದಿಂದ ವಿದ್ಯುತ್ತು ಎತ್ತರದ ಗೋಪುರಗಳ ಮೇಲೆ ಭಾರಿ ವೋಲ್ಟೇಜಿನಲ್ಲಿ ಹೊರಡುವುದೂ ಇದೇ ಕಾರಣಕ್ಕೆ. ನೆಟ್‌ವರ್ಕ್ ತಂತಿಯಲ್ಲೇ ವಿದ್ಯುತ್ತನ್ನೂ ಕಳಿಸುವ, 2003ರಲ್ಲಿ ರೂಪುಗೊಂಡ ಪಿಒಇ (ಪವರ್ ಓವರ್ ಈಥರ್‌ನೆಟ್) ಮಾನದಂಡ ಮಾಡುವುದೂ ಇದನ್ನೇ. ಸ್ವಿಚ್ಚು ಮೊದಲು ಆ ತುದಿಯಲ್ಲಿರುವುದು ಯಾವ ಸಾಧನವೆಂದು ಕೇಳಿ ತಿಳಿದು, ಆಮೇಲೆ ಸುಮಾರು 48 ವೋಲ್ಟಿನಲ್ಲಿ, ಒಂದೊಂದು ಕಿಂಡಿಯಿಂದ 15.4 ವ್ಯಾಟಿನವರೆಗೆ ಕೊಡುತ್ತದೆ. ಶುದ್ಧ ತಾಮ್ರದ, ಬಿಸಿಲಿಗೆ ಬಿರಿಯದ ಕಪ್ಪು ಹೊದಿಕೆಯ ಕೇಬಲ್ ಮತ್ತು ಎಂಟು ಕಿಂಡಿಯ ಪಿಒಇ ಸ್ವಿಚ್ ತಂದ ಮೇಲೆ ಗೇಟಿನ ಕ್ಯಾಮೆರಾ ಒಂದು ರಾತ್ರಿಯೂ ಆರಿಲ್ಲ.

ಬ್ಯಾಟರಿಯವನ್ನು ಬಿಟ್ಟರೆ, ನಿಸ್ತಂತು ಎಂದು ಮಾರುವ ಕ್ಯಾಮೆರಾಕ್ಕೂ ಕೊನೆಗೆ ಒಂದು ವಿದ್ಯುತ್ ತಂತಿ ಬೇಕೇ ಬೇಕು ಎಂಬುದನ್ನು ನಾವು ಮರೆಯುತ್ತೇವೆ. ಹೇಗೂ ಒಂದು ತಂತಿ ಹೋಗುವುದಾದರೆ ಚಿತ್ರವೂ ಅದರಲ್ಲೇ ಬರಲಿ. ಇದರ ದೊಡ್ಡ ಲಾಭ ಕರೆಂಟು ಹೋದಾಗ ಕಾಣುತ್ತದೆ: ಮೊದಲು ಐದು ಕ್ಯಾಮೆರಾಗಳು ಐದು ಪ್ಲಗ್ಗುಗಳಿಂದ ನಡೆಯುತ್ತಿದ್ದವು, ಇನ್ವರ್ಟರಿನ ಆಸರೆ ಇದ್ದದ್ದು ಎರಡಕ್ಕೆ. ಈಗ ಕಂಪ್ಯೂಟರ್, ಸ್ವಿಚ್, ರೌಟರ್ ಮೂರೂ ಒಂದೇ ಯುಪಿಎಸ್ ಮೇಲೆ ಇದ್ದು, ಆ ತಂತಿಗಳ ತುದಿಯ ಕ್ಯಾಮೆರಾಗಳೂ ಅದರ ಆಸರೆಯಲ್ಲೇ ಉಳಿಯುತ್ತವೆ.

ತಂತಿ ತರುವ ಅಪಾಯವನ್ನೂ ಹೇಳಬೇಕು. ಈ ವರ್ಷ ರೋಹಿಣಿ ಮಳೆಯ ಮೊದಲ ಗುಡುಗಿನ ರಾತ್ರಿ ಗುಡ್ಡದ ಕಡೆ ಎಲ್ಲೋ ಸಿಡಿಲು ಬಿತ್ತು. ನಮ್ಮ ಮೇಲೆ ಬೀಳಲಿಲ್ಲ. ಆದರೂ ಗೇಟಿನ ಕಬ್ಬಿಣದ ಕಂಬಕ್ಕೆ ಕಟ್ಟಿದ್ದ ಕ್ಯಾಮೆರಾ ಮತ್ತು ಅದು ಸೇರಿದ್ದ ಸ್ವಿಚ್ಚಿನ ಕಿಂಡಿ ಎರಡೂ ಸುಟ್ಟಿದ್ದವು. ಉದ್ದನೆಯ ತಾಮ್ರದ ತಂತಿ ದೂರದ ಸಿಡಿಲಿನ ಆಘಾತವನ್ನೂ ಹಿಡಿದು ಮನೆಯೊಳಗೆ ತರುತ್ತದೆ. ಕ್ಯಾಮೆರಾವನ್ನು ಕಂಬದಿಂದ ಬಿಡಿಸಿ ಗೋಡೆಗೆ ಹಾಕಿದೆ, ತಂತಿಯ ಎರಡೂ ತುದಿಗೆ ಸರ್ಜ್ ತಡೆ ಕೂರಿಸಿದೆ, ಭೂಸಂಪರ್ಕವನ್ನು ಹೊಸದಾಗಿ ತೆಗೆಸಿದೆ. ತಗಡಿನ ಹೊಲಿಗೆ ಹಾಲಿಗೆ ಮಾತ್ರ ತಾಮ್ರವನ್ನು ಎಳೆಯದೆ ಆಪ್ಟಿಕಲ್ ಫೈಬರ್ ಹಾಕಿಸಿದೆ. ಗಾಜು ಬೆಳಕನ್ನು ಒಯ್ಯುತ್ತದೆ, ಸಿಡಿಲನ್ನು ಒಯ್ಯುವುದಿಲ್ಲ. ಅಲ್ಲಿ ವಿದ್ಯುತ್ತು ಬೇರೆಯಾಗಿಯೇ ಇರುವುದರಿಂದ ಒಂದು ಪುಟ್ಟ ಸ್ವಿಚ್ಚನ್ನು ಅದರದೇ ಬ್ಯಾಟರಿಯೊಂದಿಗೆ ಅಲ್ಲಿಟ್ಟರೆ ಸಾಕಾಯಿತು. ಇಲಿಗಳ ಕಾಟಕ್ಕೆ ಪೈಪಿನ ಬಾಯಿಗಳನ್ನು ಉಕ್ಕಿನ ನಾರಿನಿಂದ ಮುಚ್ಚಿದ್ದೇವೆ. ಕೋತಿಗಳಿಗೆ ಇನ್ನೂ ಉಪಾಯ ಸಿಕ್ಕಿಲ್ಲ.

ಭದ್ರತೆಯ ವಿಷಯದಲ್ಲಿ ಎರಡೂ ಕಡೆ ಬಾಗಿಲುಗಳಿವೆ. ಹಳೆಯ ವೈಫೈ ಸಾಧನಗಳಲ್ಲಿ ಸಂಪರ್ಕವನ್ನು ಕಡಿದುಕೊಳ್ಳುವಂತೆ ಹೇಳುವ ಆಜ್ಞೆಗೆ ರುಜುವಾತು ಕೇಳುವುದಿಲ್ಲ. ಹೊರಗಿನವನು ರೌಟರಿನ ಹೆಸರಿನಲ್ಲಿ ಅದನ್ನು ಕಳಿಸಿದರೂ ಕ್ಯಾಮೆರಾ ನಂಬುತ್ತದೆ. ಈ ಆಜ್ಞೆಗಳಿಗೆ ರಕ್ಷಣೆ ಕೊಡುವ ಮಾನದಂಡ 2009ರಲ್ಲಿ ಬಂತು, ಅದನ್ನು ಕಡ್ಡಾಯ ಮಾಡಿದ ಡಬ್ಲ್ಯುಪಿಎ3 ಎಂಬ ವೈಫೈ ಭದ್ರತಾ ಕ್ರಮ ಬಂದದ್ದು 2018ರಲ್ಲಿ. ನಮ್ಮ ಅಗ್ಗದ ಕ್ಯಾಮೆರಾಗಳಿಗೆ ಎರಡೂ ಇರಲಿಲ್ಲ. ಇತ್ತ ತಂತಿಯಲ್ಲಿ, ಗೇಟಿನ ಕ್ಯಾಮೆರಾವನ್ನು ಕಳಚಿದವನ ಕೈಗೆ ನಮ್ಮ ಮನೆಯ ಜಾಲದ ತುದಿಯೇ ಸಿಗುತ್ತದೆ. ಇದಕ್ಕಾಗಿ ಕಂಪ್ಯೂಟರಿಗೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿದೆ. ಒಂದು ಕಾರ್ಡಿಗೆ ಕ್ಯಾಮೆರಾಗಳ ಸ್ವಿಚ್ ಮಾತ್ರ, ಇನ್ನೊಂದಕ್ಕೆ ಮನೆಯ ರೌಟರ್. ಎರಡರ ನಡುವೆ ದಾರಿ ಇಲ್ಲ. ಕ್ಯಾಮೆರಾಗಳಿಗೆ ಇಂಟರ್ನೆಟ್ಟೇ ಕಾಣುವುದಿಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡುಗಳನ್ನು ಬದಲಿಸದ ಲಕ್ಷಾಂತರ ಕ್ಯಾಮೆರಾ ಮತ್ತು ರೌಟರುಗಳನ್ನು ಸೆರೆಹಿಡಿದು ಅವುಗಳಿಂದಲೇ ದೊಡ್ಡ ಜಾಲತಾಣಗಳನ್ನು ಉರುಳಿಸಿತ್ತು. ತಂತಿಯ ಮೇಲೆ ಇಂಥ ಬೇರ್ಪಡಿಕೆ ಎರಡು ಕಾರ್ಡಿನಷ್ಟು ಸರಳ.

ಗೋದಾಮಿನ ಕ್ಯಾಮೆರಾ ಇಂದಿಗೂ ನಿಸ್ತಂತು. ನಡುವೆ ಊರಿನ ಓಣಿಯಿದೆ; ಅದರ ಮೇಲೆ ತಂತಿ ತೂಗಿಸುವುದು ಸರಿಯಲ್ಲ, ಅಗೆಯುವುದು ನಮ್ಮ ಹಕ್ಕಲ್ಲ. ಮಾಳಿಗೆಯ ಮೇಲಿಂದ ಗೋದಾಮಿನ ಸೂರಿಗೆ, ನಡುವೆ ಗೋಡೆಯಿಲ್ಲದ ನೇರ ನೋಟದಲ್ಲಿ, ಒಂದೇ ದಿಕ್ಕಿಗೆ ಅಲೆ ಕಳಿಸುವ ಎರಡು ಆಂಟೆನಾಗಳನ್ನು 5 ಗಿಗಾಹರ್ಟ್ಸ್‌ನಲ್ಲಿ ಎದುರುಬದುರು ಕಟ್ಟಿದ್ದೇನೆ. ಒಂದೇ ಕ್ಯಾಮೆರಾ, ತನ್ನದೇ ಚಾನೆಲ್, ಸಂಕೇತದ ಬಲ ಮೈನಸ್ 52. ಅಷ್ಟಿದ್ದರೂ ನಂಬಿ ಕೂರದೆ, ಆ ಕ್ಯಾಮೆರಾದೊಳಗೆ ಒಂದು ಮೆಮೊರಿ ಕಾರ್ಡ್ ಹಾಕಿದ್ದೇನೆ. ಸಂಪರ್ಕ ಕಡಿದ ಹೊತ್ತಿನ ಚಿತ್ರ ಅಲ್ಲಿ ಉಳಿಯುತ್ತದೆ. ಎಲ್ಲ ಕ್ಯಾಮೆರಾಗಳ ವೇಗ ಗರಿಷ್ಠದಲ್ಲೇ ಇದ್ದರೂ ದಿನಕ್ಕೆ 216 ಗಿಗಾಬೈಟ್. ಕಂಪ್ಯೂಟರಿನ 4 ಟೆರಾಬೈಟ್ ಡಿಸ್ಕಿನಲ್ಲಿ ಹದಿನೆಂಟು ದಿನಗಳ ಹಿಂದಿನವರೆಗೆ ನೋಡಬಹುದು.

ಆ ಹೆಣ್ಣುಮಗಳ ಮನೆಗೆ ಅಕ್ಕ ಹೋಗಿದ್ದಳು, ನಾನೂ ಜೊತೆಗಿದ್ದೆ. ಬಾಕಿಯಿದ್ದ ಕೂಲಿಯನ್ನು ಕೊಟ್ಟು, ಬಂಡಲ್ ಸಿಕ್ಕಿದ್ದನ್ನು ಹೇಳಿ, ತಪ್ಪು ನಮ್ಮದೆಂದು ಅಕ್ಕ ಕ್ಷಮೆ ಕೇಳಿಕೊಂಡಳು. ಅವರು ಚಹಾ ಕೊಟ್ಟರು, ಕೋಪದ ಮಾತು ಆಡಲಿಲ್ಲ. ಕೆಲಸಕ್ಕೆ ಮರಳಲಿಲ್ಲ, ಈಗ ಬೇರೆ ಘಟಕವೊಂದರಲ್ಲಿದ್ದಾರೆ.

ಮೇಲಿನ ಕೋಣೆಯ ಕಂಪ್ಯೂಟರ್ ಈಗ ಪ್ರತಿದಿನ ಬೆಳಿಗ್ಗೆ ಐದು ಸೆಕೆಂಡಿಗಿಂತ ಉದ್ದದ ಬಿರುಕುಗಳ ಪಟ್ಟಿಯನ್ನು ಅಕ್ಕನ ಫೋನಿಗೆ ಕಳಿಸುತ್ತದೆ. ಯಂತ್ರಗಳು ಶುರುವಾಗುವ ಮೊದಲು ಅವಳು ಅದನ್ನು ಓದುತ್ತಾಳೆ. ಇವತ್ತಿನ ಪಟ್ಟಿಯಲ್ಲಿ ಒಂದೇ ಸಾಲಿತ್ತು: ಗೋದಾಮು, ರಾತ್ರಿ 2 ಗಂಟೆ 10 ನಿಮಿಷ, 9 ಸೆಕೆಂಡು. ಆಚೆ ಬದಿಗೆ ಹೋಗಿ, ಕಾರ್ಡಿನಿಂದ ಆ 9 ಸೆಕೆಂಡುಗಳನ್ನು ತೆಗೆದು ತಂದು ಅವುಗಳ ಜಾಗದಲ್ಲಿ ಇಟ್ಟಿದ್ದೇನೆ. ಅವುಗಳಲ್ಲಿ ಒಂದು ನಾಯಿ ಓಣಿಯನ್ನು ದಾಟಿ ಹೋಗುತ್ತದೆ.